"ಕ್ಯಾರಿಬ್‌ಗಳು ಅರವಾಕರನ್ನು ತಿಂದರು" ಅಂತ ಮಗಳ ನೋಟ್ಸ್‌ನಲ್ಲಿದೆ. ನೆಲದೊಳಗೆ ಏನಿದೆ?

ಸಾಗರದಾಚೆ
ಎಲ್ಲರಿಗೂ ನಮಸ್ಕಾರ. ನಾವು ಎರಡು ವರ್ಷದಿಂದ ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದಲ್ಲಿದ್ದೇವೆ. ನಮ್ಮ ಯಜಮಾನರಿಗೆ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಮಗಳು ಐದನೇ ಕ್ಲಾಸು. ಅವಳ ಸಮಾಜ ನೋಟ್ಸ್‌ನಲ್ಲಿ ಹೀಗೆ ಬರೆಸಿದ್ದಾರೆ: ಮೊದಲು ಅರವಾಕರು ಬಂದರು, ಅವರು ಸಾಧು ಜನ. ಆಮೇಲೆ ಕ್ಯಾರಿಬ್‌ಗಳು ಬಂದು ಗಂಡಸರನ್ನು ಕೊಂದು ತಿಂದರು, ಹೆಂಗಸರನ್ನು ಹೆಂಡತಿಯರನ್ನಾಗಿ ಮಾಡಿಕೊಂಡರು. ಇಷ್ಟೇ. ಎರಡು ಸಾವಿರ ವರ್ಷದ ಕತೆ ಎರಡು ಸಾಲಿನಲ್ಲಿ ಮುಗಿದುಹೋಗಿದೆ.

ಹೋದ ಭಾನುವಾರ ಪರ್ಲ್ಸ್ ಅನ್ನೋ ಜಾಗಕ್ಕೆ ಹೋಗಿದ್ದೆವು. ದ್ವೀಪದ ಪೂರ್ವ ತೀರ. 1940ರ ದಶಕದಲ್ಲಿ ಅಲ್ಲಿ ವಿಮಾನ ನಿಲ್ದಾಣ ಕಟ್ಟಿದ್ದರು, ಈಗ ಬಳಕೆಯಲ್ಲಿಲ್ಲ. ಕ್ಯೂಬಾದ ಎರಡು ಹಳೇ ವಿಮಾನಗಳು ಹುಲ್ಲಿನಲ್ಲಿ ತುಕ್ಕು ಹಿಡಿದು ನಿಂತಿವೆ. ಪಕ್ಕದಲ್ಲೇ ಮೇಕೆ ಕಟ್ಟಿದ್ದರು. ಹಿಂದಿನ ರಾತ್ರಿ ಮಳೆ ಬಂದಿತ್ತು. ಮಗಳು ಕುಂಟೆಬಿಲ್ಲೆಗೆ ಬಿಲ್ಲೆ ಸಿಕ್ತು ಅಂತ ಮಣ್ಣಿನಿಂದ ಏನೋ ಎತ್ತಿಕೊಂಡಳು. ತೊಳೆದು ನೋಡಿದರೆ ಮಡಕೆ ಚೂರು. ಹೆಬ್ಬೆರಳಿನಷ್ಟು ಅಗಲ. ಹೊರಗಡೆ ಕೆಂಪು, ಅದರ ಮೇಲೆ ಎರಡು ಬಿಳಿ ಗೆರೆ. ಮುರಿದ ಅಂಚಿನಲ್ಲಿ ನೋಡಿದರೆ ಒಳಗೆಲ್ಲ ಕಪ್ಪು.

ಮಗಳು ಕೇಳಿದಳು, "ಅಮ್ಮಾ, ಇದು ಸಾಧು ಜನದ್ದಾ, ತಿನ್ನೋ ಜನದ್ದಾ?" ನನಗೆ ಉತ್ತರ ಗೊತ್ತಾಗಲಿಲ್ಲ. ಈ ವಿಷಯ ಓದಿದವರು ಯಾರಾದರೂ ಇದ್ದೀರಾ?

ಹಳೇ ಮೇಷ್ಟ್ರು
ತಾಯಿ, ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವನು. ಕೊಲಂಬಸ್ ಪಾಠ ಬಂದಾಗ ನಾನೂ ಇದನ್ನೇ ಹೇಳಿದ್ದೇನೆ. ಕ್ಯಾನಿಬಲ್ ಅನ್ನೋ ಪದ ಹುಟ್ಟಿದ್ದೇ ಕ್ಯಾರಿಬ್ ಜನರ ಹೆಸರಿನಿಂದ. ನೋಡಿದವರು ಬರೆದಿಟ್ಟಿದ್ದಾರೆ. ಪೂರ್ತಿ ಸುಳ್ಳು ಅಂತ ತಳ್ಳಿಹಾಕೋದು ಹೇಗೆ?

ಬೋಕಿಬಿಲ್ಲೆ
ನಾನು ಧಾರವಾಡದಲ್ಲಿ ಪುರಾತತ್ವ ಓದಿದೆ. ಆಮೇಲೆ ಮೂರು ಸೀಸನ್ ಕೆರಿಬಿಯನ್ ಉತ್ಖನನಗಳಲ್ಲಿ ಕೆಲಸ ಮಾಡಿದ್ದೇನೆ. ಈ ವಿಷಯ ಅಂದರೆ ನನಗೆ ಜೀವ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅಕ್ಕ, ಮೊದಲು ನಿಮ್ಮ ಚೂರಿನ ವಿಷಯ. ಕೆಂಪಿನ ಮೇಲೆ ಬಿಳಿ ಗೆರೆ ಅಂದರೆ ಅದು ಹೆಚ್ಚಾಗಿ ಸಲಾಡೊಯ್ಡ್ ಅನ್ನೋ ಮಡಕೆ. ವೆನೆಜುವೆಲಾದ ಒರಿನೊಕೊ ನದಿ ತೀರದಲ್ಲಿ ಸಲಾಡೆರೊ ಅಂತ ಒಂದು ಜಾಗವಿದೆ. ಈ ನಮೂನೆಯನ್ನು ಮೊದಲು ಗುರುತು ಹಿಡಿದದ್ದು ಅಲ್ಲಿ, ಅದಕ್ಕೇ ಆ ಹೆಸರು. ಪರ್ಲ್ಸ್‌ನಲ್ಲಿ ಸಿಗುವುದು ಸಾವಿರದ ಐನೂರು ವರ್ಷಕ್ಕೂ ಹಿಂದಿನ ಊರು. ಆ ರನ್‌ವೇ ಹಾಕಿದ್ದೇ ಆ ಊರಿನ ಮೇಲೆ. ನೇರಳೆ ಬಣ್ಣದ ಅಮೆಥಿಸ್ಟ್ ಹರಳನ್ನು ಕೊರೆದು ಮಣಿ ಮಾಡುತ್ತಿದ್ದ ಊರು ಅದು. ಅರ್ಧಕ್ಕೆ ಬಿಟ್ಟ ಮಣಿಗಳೂ ಸಿಕ್ಕಿವೆ, ತೂತು ಕೊರೆಯುವಾಗ ಒಡೆದುಹೋದವೂ ಸಿಕ್ಕಿವೆ. ಹಸಿರು ಕಲ್ಲಿನಲ್ಲಿ ಕೆತ್ತಿದ ಪುಟ್ಟ ಕಪ್ಪೆ ಪದಕಗಳು ಸಿಕ್ಕಿವೆ.

ಈಗ ಮಗಳ ಪ್ರಶ್ನೆ. ಮಡಕೆಗೆ ಬಾಯಿ ಇಲ್ಲ. ಅದನ್ನು ಮಾಡಿದವಳು ಯಾವ ಭಾಷೆ ಆಡುತ್ತಿದ್ದಳು ಅಂತ ಚೂರು ಹೇಳುವುದಿಲ್ಲ. ಸಲಾಡೊಯ್ಡ್ ಜನ ಅರವಾಕ್ ಕುಟುಂಬದ ಭಾಷೆ ಆಡುತ್ತಿದ್ದರು ಅಂತ ಹೇಳಲು ಒಳ್ಳೆಯ ಕಾರಣಗಳಿವೆ. ಆದರೆ ಅವರು ತಮ್ಮನ್ನು ಅರವಾಕ್ ಅಂತ ಕರೆದುಕೊಂಡದ್ದಕ್ಕೆ ಒಂದು ಗುರುತೂ ಇಲ್ಲ. ಆ ಹೆಸರು ದಕ್ಷಿಣ ಅಮೆರಿಕದ ನೆಲದ ಮೇಲಿನ ಲೊಕೊನೊ ಜನರಿಗೆ ಸೇರಿದ್ದು. 19ನೇ ಶತಮಾನದಲ್ಲಿ ಭಾಷೆಗಳನ್ನು ಹೋಲಿಸಿದ ವಿದ್ವಾಂಸರು ಅದನ್ನು ತಂದು ದ್ವೀಪದವರಿಗೆಲ್ಲ ಅಂಟಿಸಿದರು.

ಇನ್ನೊಂದು ಮಾತು. ಅರವಾಕರೂ ಮೊದಲು ಬಂದವರಲ್ಲ. ಟ್ರಿನಿಡಾಡ್‌ನ ಬನ್ವಾರಿ ಟ್ರೇಸ್‌ನಲ್ಲಿ ಸುಮಾರು 7,000 ವರ್ಷ ಹಿಂದಿನ ಚಿಪ್ಪಿನ ತಿಪ್ಪೆ ಇದೆ. ತಿಂದು ಎಸೆದ ಚಿಪ್ಪು, ಮೂಳೆ, ಕಲ್ಲಿನ ಸಾಮಾನು. 1969ರಲ್ಲಿ ಅಲ್ಲೇ ಒಂದು ಅಸ್ಥಿಪಂಜರ ಸಿಕ್ಕಿತು. ಕ್ಯೂಬಾದಲ್ಲೂ, ಈಗ ಹೈಟಿ ಮತ್ತು ಡೊಮಿನಿಕನ್ ರಿಪಬ್ಲಿಕ್ ಇರುವ ಹಿಸ್ಪಾನಿಯೋಲಾ ದ್ವೀಪದಲ್ಲೂ ಆರು ಸಾವಿರ ವರ್ಷದ ಆಸುಪಾಸಿನಲ್ಲೇ ಜನ ಇದ್ದರು. ಬಾರ್ಬಡೋಸ್ ಉಳಿದ ದ್ವೀಪಗಳ ಸಾಲಿನಿಂದ ಪೂರ್ವಕ್ಕೆ ನೂರೈವತ್ತು ಕಿಲೋಮೀಟರ್ ದೂರ ಒಂಟಿಯಾಗಿ ನಿಂತಿದೆ. ಅಲ್ಲಿ ಶಂಖದ ದಪ್ಪ ತುಟಿಯಿಂದ ಮಾಡಿದ ಬಾಚಿಗಳು ಸಿಕ್ಕಿವೆ. ಅವು 4,000 ವರ್ಷಕ್ಕೂ ಹಳೆಯವು. ಮಗಳ ನೋಟ್ಸ್‌ನಲ್ಲಿ ಇವರ ಸುದ್ದಿಯೇ ಇಲ್ಲ ಅಲ್ವಾ?

ಮಲ್ಪೆ ಹುಡುಗ
ಬಾಚಿ ಅಂದ್ರೆ ದೋಣಿ ಕೆತ್ತೋ ಸಾಮಾನು. ನಮ್ಮಜ್ಜನ ಹತ್ತಿರ ಕಬ್ಬಿಣದ್ದು ಇತ್ತು. ಶಂಖದಲ್ಲಿ ಮಾಡಿದ್ದು ಅಂತ ಕೇಳಿ ಮೈ ಜುಂ ಅಂತು.

ನನಗೊಂದು ಅನುಮಾನ ಇದೆ ಸರ್. ನಕ್ಷೆ ನೋಡಿದರೆ ದ್ವೀಪಗಳು ಟ್ರಿನಿಡಾಡ್‌ನಿಂದ ಮೇಲಕ್ಕೆ ಮೆಟ್ಟಿಲ ಹಾಗಿವೆ. ಮೊದಲು ಗ್ರೆನಡಾ, ಆಮೇಲೆ ಸೇಂಟ್ ವಿನ್ಸೆಂಟ್, ಸೇಂಟ್ ಲೂಸಿಯಾ, ಹಾಗೇ ಪೋರ್ಟೊ ರಿಕೊ. ಒಂದೊಂದೇ ಹತ್ತಿಕೊಂಡು ಹೋಗಿರಬೇಕು, ಸರಿನಾ?

ಬೋಕಿಬಿಲ್ಲೆ
ಎಲ್ಲರೂ ಹಾಗೇ ಅಂದುಕೊಂಡಿದ್ದರು ತಮ್ಮಾ. ನೆಲ ಅಗೆದಾಗ ಲೆಕ್ಕ ಉಲ್ಟಾ ಹೊಡೆಯಿತು. ಸಲಾಡೊಯ್ಡ್ ಮಡಕೆಯ ತೀರಾ ಹಳೆಯ ತಾರೀಖುಗಳು ಸಿಗುವುದು ಉತ್ತರದಲ್ಲಿ. ಪೋರ್ಟೊ ರಿಕೊ, ಸೇಂಟ್ ಮಾರ್ಟಿನ್, ಮಾಂಟ್ಸೆರಾಟ್ ಕಡೆ. ಕ್ರಿಸ್ತಪೂರ್ವ 500ರ ಆಸುಪಾಸಿನಿಂದ ಶುರು. ಬಾಗಿಲಲ್ಲೇ ಇರುವ ಗ್ರೆನಡಾದಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ತಡವಾದ ತಾರೀಖು.

2019ರಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. 55 ದ್ವೀಪಗಳಿಂದ ಸುಮಾರು 2,500 ಕಾರ್ಬನ್ ತಾರೀಖುಗಳನ್ನು, ಅಂದರೆ ಇದ್ದಿಲು, ಚಿಪ್ಪು, ಮೂಳೆಯಲ್ಲಿ ಉಳಿದ ಕಾರ್ಬನ್ ಅಳೆದು ಗೊತ್ತು ಮಾಡಿದ ವಯಸ್ಸುಗಳನ್ನು, ಒಟ್ಟುಗೂಡಿಸಿದರು. ಒಂದೊಂದನ್ನೂ ಜರಡಿ ಹಿಡಿದರು. ಯಾವ ಇದ್ದಿಲು, ಯಾವ ಪದರದಿಂದ ಬಂತು, ಲ್ಯಾಬ್ ನಂಬರ್ ಇದೆಯಾ, ಚಿಪ್ಪಾಗಿದ್ದರೆ ಸಮುದ್ರದ ಹಳೇ ಕಾರ್ಬನ್‌ಗೆ ಲೆಕ್ಕ ಸರಿಮಾಡಿದ್ದಾರಾ ಅಂತ. ಎಷ್ಟೋ ತಾರೀಖುಗಳು ಆ ಜರಡಿಯಲ್ಲಿ ಉಳಿಯಲೇ ಇಲ್ಲ. ಉಳಿದವು ಹೇಳಿದ್ದು ಇದು: ಟ್ರಿನಿಡಾಡ್ ಬಿಟ್ಟರೆ ಮೊದಲು ತುಂಬಿದ್ದು ಉತ್ತರದ ದ್ವೀಪಗಳು. ದಕ್ಷಿಣದವು ಆಮೇಲೆ.

ಅಂದರೆ ಅವರು ತೆರೆದ ಸಮುದ್ರ ದಾಟಿ ನೇರ ಹೋದರು. ಹೀಗೇ ಆಯ್ತು ಅಂತ ಎಲ್ಲರೂ ಒಪ್ಪಿಲ್ಲ. ದಕ್ಷಿಣದಲ್ಲಿ ಜ್ವಾಲಾಮುಖಿ ಬೂದಿ ಹಳೇ ಊರುಗಳನ್ನು ಮುಚ್ಚಿರಬಹುದು ಅನ್ನುವವರೂ ಇದ್ದಾರೆ. ನನಗೆ ಮಾತ್ರ ನೇರ ಪಯಣದ ವಾದವೇ ಗಟ್ಟಿ ಅನ್ನಿಸುತ್ತದೆ.

ಮಲ್ಪೆ ಹುಡುಗ
ನೀರಿನ ಸೆಳೆತ ಗೊತ್ತಿದ್ದವರಿಗೆ ಇದು ಆಶ್ಚರ್ಯ ಅಲ್ಲ. ಟ್ರಿನಿಡಾಡ್‌ನಿಂದ ಗ್ರೆನಡಾಕ್ಕೆ ಸುಮಾರು 140 ಕಿಲೋಮೀಟರ್. ಅಲ್ಲಿ ಸೆಳೆತ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಅಡ್ಡ ನೀರಿನಲ್ಲಿ ಹುಟ್ಟು ಹಾಕುವವನಿಗೆ ಹತ್ತಿರದ ದಡವೇ ಸುಲಭದ ದಡ ಆಗಿರಬೇಕಿಲ್ಲ. ಇಂಥ ದೋಣಿಯಲ್ಲಿ ಈಗ ಯಾರಾದರೂ ಹೋಗಿ ನೋಡಿದ್ದಾರಾ?

ಬೋಕಿಬಿಲ್ಲೆ
ಹೋಗಿದ್ದಾರೆ. ಡೊಮಿನಿಕಾ ದ್ವೀಪದ ಕಲಿನಾಗೊ ಜನ ಒಂದೇ ಮರದ ಬುಡ ಕೊರೆದು ದೊಡ್ಡ ದೋಣಿ ಮಾಡಿದರು. ಗ್ಲಿ ಗ್ಲಿ ಅಂತ ಹೆಸರಿಟ್ಟರು. 1997ರಲ್ಲಿ ದ್ವೀಪಗಳ ಸಾಲು ಹಿಡಿದು ದಕ್ಷಿಣ ಅಮೆರಿಕದವರೆಗೆ ಹೋದರು. ತಮ್ಮ ನೆಂಟರನ್ನು ನೋಡಿ ಬರಲು.

ಹಳೇ ಮೇಷ್ಟ್ರು
ಕಲಿನಾಗೊ ಅಂದರೆ ಯಾರಪ್ಪಾ?

ಬೋಕಿಬಿಲ್ಲೆ
ನಾವು ಕ್ಯಾರಿಬ್ ಅನ್ನುತ್ತೇವಲ್ಲ, ಅವರೇ ಮೇಷ್ಟ್ರೇ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಕಲಿನಾಗೊ. ಡೊಮಿನಿಕಾದಲ್ಲಿ 1903ರಿಂದ ಅವರಿಗೇ ಅಂತ 3,700 ಎಕರೆ ಜಾಗ ಇದೆ. ಕ್ಯಾರಿಬ್ ಅನ್ನೋ ಹೆಸರನ್ನು ಕಾನೂನಿನಲ್ಲೇ ತೆಗೆಸಿ 2015ರಲ್ಲಿ ಕಲಿನಾಗೊ ಅಂತ ಮಾಡಿಸಿಕೊಂಡರು. 2023ರಲ್ಲಿ ಅವರ ಹೆಣ್ಣುಮಗಳು ಸಿಲ್ವನಿ ಬರ್ಟನ್ ಆ ದೇಶದ ಅಧ್ಯಕ್ಷೆಯಾದರು. "ಅಳಿದುಹೋದ ಜನ" ಅಂತ ಪುಸ್ತಕದಲ್ಲಿ ಓದಿ ಅಲ್ಲಿಗೆ ಹೋದವನು ನಾನು. ಮೊದಲ ದಿನವೇ ಒಬ್ಬ ಅಜ್ಜಿ ಮರಗೆಣಸಿನ ರೊಟ್ಟಿ ಕೊಟ್ಟರು. ತುರಿದು, ಹಿಂಡಿ, ವಿಷದ ನೀರು ತೆಗೆದು, ದೊಡ್ಡ ಕಾವಲಿ ಮೇಲೆ ಬೇಯಿಸಿದ್ದು. ಇಂಥದ್ದೇ ಮಣ್ಣಿನ ಕಾವಲಿಯ ದಪ್ಪ ಚೂರುಗಳನ್ನು ಆ ವಾರವೆಲ್ಲ ಗುಂಡಿಯಿಂದ ಎತ್ತಿ ಚೀಲಕ್ಕೆ ಹಾಕಿದ್ದೆ. ಆ ರೊಟ್ಟಿ ನುಂಗುವಾಗ ಗಂಟಲು ಕಟ್ಟಿತು.

ಕೊಡಗಿನ ಕಿತ್ತಳೆ
ನಾವು ಮಂಗಳೂರಿನಿಂದ ಕೇರಳದವರೆಗೆ ತಿನ್ನುವ ಮರಗೆಣಸು ಅಲ್ಲಿಂದಲೇ ಬಂದದ್ದಾ?

ಬೋಕಿಬಿಲ್ಲೆ
ಗೆಡ್ಡೆಯ ತವರು ದಕ್ಷಿಣ ಅಮೆರಿಕ, ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ಆದರೆ ಕಾವಲಿ ಕಂಡ ತಕ್ಷಣ ಮರಗೆಣಸು ಅಂತ ಬರೆಯುವುದು ತಪ್ಪು. ಕಾವಲಿಗೆ ಅಂಟಿದ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮುಸುಕಿನ ಜೋಳ, ಬೀನ್ಸ್ ಜಾತಿಯ ಕಾಳು ಎಲ್ಲ ಕಂಡವು. ಪೋರ್ಟೊ ರಿಕೊದಲ್ಲಿ ಸಲಾಡೊಯ್ಡ್ ಜನ ಬರುವ ಮೊದಲಿನ ಅರೆಯುವ ಕಲ್ಲುಗಳ ಮೇಲೂ ಮುಸುಕಿನ ಜೋಳ, ಗೆಣಸು, ಮರಗೆಣಸಿನ ಕಣಗಳು ಸಿಕ್ಕಿವೆ. ಬೇಸಾಯ ತಂದವರೇ ಅರವಾಕರು ಅನ್ನೋ ಮಾತೂ ಅಲ್ಲಿಗೆ ಬಿತ್ತು.

ನುಡಿಗಂಟು
ನಾನು ಭಾಷಾಶಾಸ್ತ್ರದವಳು. "ಹೆಂಗಸರನ್ನು ಇಟ್ಟುಕೊಂಡರು" ಅನ್ನೋ ಸಾಲು ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ರೆಮೊಂ ಬ್ರೆತೊಂ ಅನ್ನೋ ಫ್ರೆಂಚ್ ಪಾದ್ರಿ ಡೊಮಿನಿಕಾದಲ್ಲಿ ಕಲಿನಾಗೊ ಜನರ ನಡುವೆ ವರ್ಷಗಟ್ಟಲೆ ಇದ್ದರು. 1665-66ರಲ್ಲಿ ಅವರ ನಿಘಂಟು ಅಚ್ಚಾಯಿತು. ಗಂಡಸರ ಮಾತು, ಹೆಂಗಸರ ಮಾತು ಬೇರೆ ಬೇರೆ ಅಂತ ಅದರಲ್ಲಿದೆ. ಗಂಡಸರ ಮಾತಿನಲ್ಲಿ ಕ್ಯಾರಿಬ್ ಪದಗಳು, ಹೆಂಗಸರದ್ದು ಅರವಾಕ್. ಗಂಡು ಕ್ಯಾರಿಬ್, ಹೆಣ್ಣು ಅರವಾಕ್, ಹಾಗಾದರೆ ಗೆದ್ದು ಮದುವೆಯಾಗಿದ್ದಾರೆ ಅಂತ ಕತೆ ಕಟ್ಟಿದರು.

ಆದರೆ ವ್ಯಾಕರಣ ನೋಡಿದರೆ ಇಡೀ ಭಾಷೆಯ ಬುಡ ಅರವಾಕ್ ಕುಟುಂಬದ್ದು. ಕ್ಯಾರಿಬ್ ಅನ್ನಿಸಿಕೊಂಡ ಜನ ಮನೆಯಲ್ಲಿ ಆಡುತ್ತಿದ್ದದ್ದು ಅರವಾಕ್ ಭಾಷೆ! ಗಂಡಸರು ಮೇಲೆ ಒಂದಷ್ಟು ಕ್ಯಾರಿಬ್ ಪದ ಸೇರಿಸಿ ಮಾತಾಡುತ್ತಿದ್ದರು, ಅಷ್ಟೆ. ದಕ್ಷಿಣ ಅಮೆರಿಕದ ಕ್ಯಾರಿಬ್ ನೆಂಟರ ಜೊತೆ ವ್ಯಾಪಾರಕ್ಕೆ, ಯುದ್ಧಕ್ಕೆ ಹೋಗಿ ಬರುವ ಗಂಡಸರ ಬಾಯಲ್ಲಿ ಆ ಪದಗಳು ನಿಂತಿರಬಹುದು. ಅದಕ್ಕೆ ದಂಡೆತ್ತಿ ಬರುವುದೇ ಬೇಕಿಲ್ಲ.

ಈ ಭಾಷೆಯ ಮಗಳು ಇವತ್ತಿಗೂ ಬದುಕಿದ್ದಾಳೆ, ಗರಿಫುನಾ ಅಂತ. ಅದರಲ್ಲಿ "ನಾನು" ಅನ್ನಲು ಗಂಡಸರ ಪದ "ಔ", ಹೆಂಗಸರದ್ದು "ನುಗುಯಾ". ಸೇಂಟ್ ವಿನ್ಸೆಂಟ್‌ನಲ್ಲಿ ಕಲಿನಾಗೊ ಜೊತೆ ಆಫ್ರಿಕದ ಮೂಲದವರು ಬೆರೆತು ಹುಟ್ಟಿದ ಜನ ಅವರು. 1797ರಲ್ಲಿ ಬ್ರಿಟಿಷರು ಅವರನ್ನು ಹಡಗಿಗೆ ತುಂಬಿ ಹೊಂಡುರಾಸ್ ಹತ್ತಿರದ ರೊವಾಟಾನ್ ದ್ವೀಪಕ್ಕೆ ಎಸೆದರು. ಅಲ್ಲಿಂದ ಬೆಲೀಜ್, ಗ್ವಾಟೆಮಾಲಾ ತೀರಕ್ಕೆ ಹರಡಿಕೊಂಡರು. ಆ ಹಡಗಿನಲ್ಲಿ ಒಂದು "ನುಗುಯಾ" ಉಳಿದು ಬಂತಲ್ಲ ಅಂತ ನೆನೆದರೆ ಕಣ್ಣು ತುಂಬುತ್ತದೆ.

ಹಳೇ ಮೇಷ್ಟ್ರು
ಇದು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ. 2020ರಲ್ಲಿ ತಲೆಬುರುಡೆಗಳನ್ನು ಅಳೆದು, ಕ್ಯಾರಿಬ್‌ಗಳು ಕ್ರಿಸ್ತಶಕ 800ರ ಸುಮಾರಿಗೆ ಹಿಸ್ಪಾನಿಯೋಲಾ, ಜಮೈಕಾ, ಬಹಾಮಾಸ್‌ವರೆಗೂ ನುಗ್ಗಿದ್ದರು ಅಂತ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಓದಿದ ನೆನಪು ಚೆನ್ನಾಗಿದೆ. ಕೊಲಂಬಸ್ ಹೇಳಿದ್ದೇ ನಿಜ ಅನ್ನೋ ತಲೆಬರಹ.

ತುಂಗೆಯ ಮಗ
ಮೇಷ್ಟ್ರೇ, ನಾನು ಬೋಸ್ಟನ್‌ನಲ್ಲಿ ಡಿಎನ್‌ಎ ಲ್ಯಾಬ್‌ನಲ್ಲಿದ್ದೇನೆ. ಈ ದ್ವೀಪಗಳ ಮೇಲೆ ಕೆಲಸ ಮಾಡಿದವನಲ್ಲ, ಆದರೆ ಪ್ರಬಂಧಗಳನ್ನು ಬಿಡದೆ ಓದುತ್ತೇನೆ.

ಬುರುಡೆಯ ಅಳತೆಯಿಂದ ಬಂದ ಆ ವಾದ ನಿಜ, ಜನವರಿ 2020ರದ್ದು. ಅದೇ ವರ್ಷ ಡಿಎನ್‌ಎಯ ಎರಡು ದೊಡ್ಡ ಕೆಲಸಗಳು ಬಂದವು. ಒಂದರಲ್ಲಿ 93 ಜನರ ಎಲುಬು, ಇನ್ನೊಂದರಲ್ಲಿ ಹೊಸದಾಗಿ 174 ಜನರದ್ದು. ಮಡಕೆ ಮಾಡುವ ಜನ ದಕ್ಷಿಣ ಅಮೆರಿಕದಿಂದ ಬಂದದ್ದು ನಿಜ. ಅವರಿಗೆ ಹತ್ತಿರದವರು ಇವತ್ತಿನ ಅರವಾಕ್ ಭಾಷೆ ಆಡುವ ಜನ ಅನ್ನೋದೂ ನಿಜ. ಹಳೇ ಜನರ ಜಾಗದಲ್ಲಿ ಬಹುಮಟ್ಟಿಗೆ ಇವರೇ ತುಂಬಿಕೊಂಡರು. ಬೆರೆತದ್ದು ತೀರಾ ಕಡಿಮೆ. ಪಶ್ಚಿಮ ಕ್ಯೂಬಾದಲ್ಲಿ ಮಾತ್ರ ಹಳಬರು ಬಹಳ ಕಾಲ ಉಳಿದರು.

ಮುಖ್ಯವಾದದ್ದು ಇನ್ನು ಮುಂದೆ. ಆಮೇಲಿನ ಸಾವಿರಕ್ಕೂ ಜಾಸ್ತಿ ವರ್ಷದಲ್ಲಿ ಮಡಕೆಯ ನಮೂನೆ ಎಷ್ಟೋ ಸಲ ಬದಲಾಯಿತು. ಪ್ರತಿ ಸಲ ಹೊಸ ಜನ ಬಂದರು ಅಂತ ಬರೆದವರಿದ್ದಾರೆ. ಡಿಎನ್‌ಎ ನೋಡಿದರೆ ಅದೇ ಜನ. ಮಗಳು ಅಮ್ಮನ ಹಾಗೆ ರಂಗೋಲಿ ಹಾಕಲಿಲ್ಲ, ಅಷ್ಟೇ. ಬುರುಡೆ ಹೇಳಿದ ಹೊಸ ಕ್ಯಾರಿಬ್ ಅಲೆ ಅಲ್ಲಿ ಕಾಣಲಿಲ್ಲ. ಬೇರೆ ಬೇರೆ ದ್ವೀಪದಲ್ಲಿ ಹೂತ 19 ಜೋಡಿ ನೆಂಟರು ಸಿಕ್ಕರು. ನನ್ನ ಮನಸ್ಸಿಗೆ ನಾಟಿದ್ದು ಅದು. ಸಮುದ್ರ ಅವರಿಗೆ ಗೋಡೆ ಆಗಿರಲಿಲ್ಲ, ದಾರಿ ಆಗಿತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ಆ ಎಲುಬುಗಳಲ್ಲಿ ಹೆಚ್ಚಿನವು ಬಹಾಮಾಸ್, ಕ್ಯೂಬಾ, ಹಿಸ್ಪಾನಿಯೋಲಾ, ಪೋರ್ಟೊ ರಿಕೊದವು. ಕಲಿನಾಗೊ ಇದ್ದ ದಕ್ಷಿಣದ ಪುಟ್ಟ ದ್ವೀಪಗಳಿಂದ ತೀರಾ ಕಡಿಮೆ. ಹಾಗಾಗಿ ಗ್ರೆನಡಾ, ಸೇಂಟ್ ವಿನ್ಸೆಂಟ್ ಬಗ್ಗೆ ಈ ಲೆಕ್ಕ ಇಟ್ಟುಕೊಂಡು ತೀರ್ಪು ಕೊಡಬಾರದು.

ಸಾಗರದಾಚೆ
ನಿನ್ನೆಯಿಂದ ಓದುತ್ತಲೇ ಇದ್ದೇನೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಇಲ್ಲಿ ಕಲಿನಾಗೊ ಜನರ ಮಡಕೆ ಬೇರೆಯಾಗಿ ಸಿಕ್ಕಿದೆಯಾ? ತಿಂದದ್ದಕ್ಕೆ ಏನಾದರೂ ಗುರುತು ಇದೆಯಾ?

ಬೋಕಿಬಿಲ್ಲೆ
ಇದೆ ಅಕ್ಕ, ಮಡಕೆ ಇದೆ. ಬಹಳ ಕಾಲ ಸುವಾಜೊಯ್ಡ್ ಅನ್ನೋ ಒರಟು ಮಡಕೆಯನ್ನು ಕ್ಯಾರಿಬ್ ಮಡಕೆ ಅಂದರು. ಅಂಚನ್ನು ಬೆರಳಿನಿಂದ ಒತ್ತಿದ್ದು. ಒರಟು ಜನ, ಒರಟು ಮಡಕೆ ಅನ್ನೋ ಲೆಕ್ಕಾಚಾರ. ಅದು ಕೆಟ್ಟ ತರ್ಕ. 1986ರಲ್ಲಿ ಆರಿ ಬೂಮರ್ಟ್ ಅನ್ನೋ ಡಚ್ ಪುರಾತತ್ವಜ್ಞ ಸೇಂಟ್ ವಿನ್ಸೆಂಟ್‌ನ ಕಾಯೊ ಮಡಕೆಯತ್ತ ಬೆರಳು ತೋರಿಸಿದರು. ಅದು ಗಯಾನಾ ಕಡೆಯ ಕೊರಿಯಾಬೊ ಮಡಕೆಯ ನೆಂಟ. ದಕ್ಷಿಣ ಅಮೆರಿಕದ ಜೊತೆ ಸಂಬಂಧ ಇತ್ತು ಅನ್ನೋದು ಇದರಿಂದ ಗಟ್ಟಿ. ಆದರೆ ಕಾಯೊದಲ್ಲಿ ಉತ್ತರದ ದೊಡ್ಡ ದ್ವೀಪಗಳಲ್ಲಿದ್ದ ಟೈನೊ ಅನ್ನೋ ಜನರ ಮಡಕೆಯ ಛಾಯೆಯೂ ಇದೆ. ಒಂದೇ ಪಾತ್ರೆಯಲ್ಲಿ ಎರಡು ಕಡೆಯ ಕೈ.

ಸೇಂಟ್ ವಿನ್ಸೆಂಟ್‌ನ ಆರ್ಗೈಲ್‌ನಲ್ಲಿ ಹೊಸ ವಿಮಾನ ನಿಲ್ದಾಣ ಕಟ್ಟುವ ಮುಂಚೆ ಲೈಡನ್ ವಿಶ್ವವಿದ್ಯಾಲಯದ ಕೊರಿನ್ ಹಾಫ್‌ಮನ್, ಮೆನ್ನೊ ಹೂಗ್‌ಲ್ಯಾಂಡ್ ತಂಡ ಅಗೆಯಿತು. ಒಂದು ಇಡೀ ಕಲಿನಾಗೊ ಊರು. ಕಂಬ ಕೊಳೆತು ಹೋಗಿದೆ, ಆದರೆ ಗುಳಿಯಲ್ಲಿ ಮಣ್ಣಿನ ಬಣ್ಣ ಬೇರೆ ಇರುತ್ತದೆ. ಆ ಗುಳಿಗಳ ಸಾಲು ಹಿಡಿದು ಗುಂಡು ಮನೆ, ಉದ್ದ ಮನೆ, ನಡುವೆ ಅಂಗಳ ಎಲ್ಲ ಗುರುತಿಸಿದರು. ಒಂದು ಕಾಯೊ ಬಟ್ಟಲಿನ ಅಂಚಿನಲ್ಲಿ ಯುರೋಪಿನ ಪುಟ್ಟ ಗಾಜಿನ ಮಣಿಗಳನ್ನು ಹಸಿ ಮಣ್ಣಿಗೆ ಒತ್ತಿ ಸುಟ್ಟಿದ್ದಾರೆ. ಕೊಲಂಬಸ್ ಬಂದ ನೂರು ವರ್ಷದ ಮೇಲೂ ತಮ್ಮದೇ ಮಡಕೆಯನ್ನು ತಮ್ಮದೇ ರೀತಿ ಸಿಂಗರಿಸುತ್ತಿದ್ದ ಕೈ ಅದು. ನಿಮ್ಮ ಗ್ರೆನಡಾದಲ್ಲೂ, ಪರ್ಲ್ಸ್‌ಗೆ ಉತ್ತರದಲ್ಲಿ, ಲಾ ಪೊಟೆರಿ ಅನ್ನೋ ಊರಲ್ಲಿ ಕಾಯೊ ಸಿಕ್ಕಿದೆ.

ತಿಂದದ್ದಕ್ಕೆ? ಜನ ಜನರನ್ನು ತಿನ್ನುವ ರೂಢಿ ಇತ್ತು ಅನ್ನೋದಕ್ಕೆ ಗಟ್ಟಿ ಪುರಾವೆ ನೆಲದಿಂದ ಬಂದಿಲ್ಲ. ಹಿರಿಯರ ಎಲುಬನ್ನು ಮನೆಯಲ್ಲಿ ಜೋಪಾನವಾಗಿ ಇಡುವ ಪದ್ಧತಿ ಇತ್ತು. ಬಂದ ಬಿಳಿಯರು ಮನೆಯೊಳಗೆ ಎಲುಬು ಕಂಡು ಏನಂದುಕೊಂಡಿರಬಹುದು ಯೋಚಿಸಿ. ಮೇಷ್ಟ್ರೇ, ಇನ್ನೊಂದು ತಾರೀಖು ನೋಡಿ. 1503ರಲ್ಲಿ ಸ್ಪೇನಿನ ರಾಣಿ ಇಸಾಬೆಲ್ ಒಂದು ಆಜ್ಞೆ ಹೊರಡಿಸಿದರು. ಮನುಷ್ಯರನ್ನು ತಿನ್ನುವ ಜನರನ್ನು ಹಿಡಿದು ಗುಲಾಮರನ್ನಾಗಿ ಮಾರಬಹುದು ಅಂತ. ಅಲ್ಲಿಂದ ಮುಂದೆ ಯಾವ ದ್ವೀಪದಲ್ಲಿ ಗುಲಾಮರು ಬೇಕೋ ಆ ದ್ವೀಪದವರು ಕ್ಯಾರಿಬ್ ಆದರು. ಆ ಹೆಸರಿನ ಹಿಂದೆ ದುಡ್ಡಿತ್ತು. ನೋಟ್ಸ್‌ನ ಎರಡು ಸಾಲಿನ ಬೇರು ಅಲ್ಲಿದೆ.

ಹಳೇ ಮೇಷ್ಟ್ರು
ನಾನು ಮೂವತ್ತು ವರ್ಷ ಮಕ್ಕಳಿಗೆ ಆ ಸಾಲು ಬರೆಸಿದೆ. 1503ರ ಆಜ್ಞೆಯ ಬಗ್ಗೆ ಒಂದು ಮಾತು ಗೊತ್ತಿದ್ದರೂ ಬರೆಸುತ್ತಿರಲಿಲ್ಲ. ಇವತ್ತು ಹಳೇ ಶಿಷ್ಯರ ಗುಂಪಿಗೆ ಇದನ್ನು ಕಳಿಸುತ್ತೇನೆ. ಅದರಲ್ಲಿ ಐದಾರು ಜನ ಈಗ ಮೇಷ್ಟ್ರಾಗಿದ್ದಾರೆ.

ಮಲ್ಪೆ ಹುಡುಗ
ಹಾಗಂತ ಅವರು ಹೊಡೆದಾಟವೇ ಮಾಡಲಿಲ್ಲ ಅಂತಲೂ ಅಲ್ಲ ಅಲ್ವಾ?

ಬೋಕಿಬಿಲ್ಲೆ
ಖಂಡಿತ ಹೊಡೆದಾಡಿದರು. ದಾಳಿ ಮಾಡುತ್ತಿದ್ದರು, ಸೆರೆ ಹಿಡಿಯುತ್ತಿದ್ದರು. ಯುರೋಪಿನವರ ಜೊತೆ ಇನ್ನೂರು ವರ್ಷ ಕಾದಾಡಿದರು. ಅದಕ್ಕೇ ಉಳಿದರು. ಅಕ್ಕ, ನಿಮ್ಮ ದ್ವೀಪದ ಉತ್ತರದ ತುದಿಯಲ್ಲಿ ಸೊತೇರ್ ಅನ್ನೋ ಊರಿದೆ. 1651ರಲ್ಲಿ ಫ್ರೆಂಚರ ಕೈಗೆ ಸಿಗಬಾರದು ಅಂತ ಕಲಿನಾಗೊ ಜನ ಅಲ್ಲಿಯ ಬಂಡೆಯಿಂದ ಸಮುದ್ರಕ್ಕೆ ಹಾರಿದರು. ಊರಿನ ಹೆಸರೇ "ಹಾರಿದವರು" ಅಂತ. ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಮತ್ತೆ ಆ ಚೂರು. ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಪರ್ಲ್ಸ್‌ನಿಂದ ಕಪ್ಪೆ ಪದಕ, ಮಣಿ, ಮಡಕೆ ಹೊತ್ತುಕೊಂಡು ಹೋಗಿ ಮಾರಿದವರು ಬಹಳ ಜನ. ಪಕ್ಕದ ಕ್ಯಾರಿಯಾಕೂ ದ್ವೀಪದಲ್ಲಿ ಹಳೇ ಊರುಗಳನ್ನು ಸಮುದ್ರ ಕೊರೆಯುತ್ತಿದೆ, ಮರಳು ಹೊಡೆಯುವವರೂ ಕೊರೆದರು. ಅಲ್ಲಿ ಸಿಕ್ಕ, ಮೂಗಿನಿಂದ ಪುಡಿ ಸೇದುವ ಮಣ್ಣಿನ ಬಟ್ಟಲುಗಳು ಆ ದ್ವೀಪಕ್ಕೆ ಜನ ಬರುವುದಕ್ಕಿಂತ ನೂರಾರು ವರ್ಷ ಹಳೆಯವು. ಅಜ್ಜ ಮುತ್ತಜ್ಜರಿಂದ ಬಂದದ್ದನ್ನು ಒಡೆಯದಂತೆ ದೋಣಿಯಲ್ಲಿ ತಂದಿರಬೇಕು. ಎಲ್ಲಿ ಸಿಕ್ಕವು ಅಂತ ಗೊತ್ತಿದ್ದದ್ದಕ್ಕೆ ಇದು ತಿಳಿಯಿತು. ಜೇಬಿಗೆ ಹೋಗಿದ್ದರೆ ಬರೀ ಬಟ್ಟಲು. ಸೇಂಟ್ ಜಾರ್ಜಸ್‌ನಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ. ಎಲ್ಲಿ ಸಿಕ್ಕಿತು ಅಂತ ಬರೆದು ಅವರಿಗೆ ಕೊಡಿ.

ಸಾಗರದಾಚೆ
ಬೇಜಾರು ಯಾಕೆ, ಗೊತ್ತಿರಲಿಲ್ಲ. ಇವತ್ತು ಹೋಗಿ ಕೊಟ್ಟು ಬಂದೆವು.

ಅಲ್ಲಿದ್ದ ಹೆಂಗಸು ಚೂರನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲಿ ಸಿಕ್ಕಿತು ಅಂತ ಕೇಳಿದರು. ನಾನು "ಪರ್ಲ್ಸ್" ಅಂದೆ. "ಪರ್ಲ್ಸ್‌ನಲ್ಲಿ ಎಲ್ಲಿ?" ಅಂದರು. ನನಗೆ ಹೇಳಲು ಬರಲಿಲ್ಲ. ಮಗಳು ಕಾಗದ ಪೆನ್ಸಿಲ್ ಇಸಿದುಕೊಂಡು ನಕ್ಷೆ ಬರೆದಳು. ದೊಡ್ಡ ವಿಮಾನ, ಅದರ ಬಾಲದಿಂದ ಮೇಕೆ ಕಟ್ಟಿದ ಗೂಟದವರೆಗೆ ಅವಳ ಕಾಲಿಗೆ 38 ಹೆಜ್ಜೆ, ಗೂಟದ ಎಡಕ್ಕೆ ಮಳೆ ನೀರು ಕೊರೆದ ಸಣ್ಣ ಕಾಲುವೆ. ಹೆಜ್ಜೆ ಹೇಗೆ ನೆನಪಿತ್ತು ಅಂತ ಕೇಳಿದೆ. ಕುಂಟುತ್ತಾ ಎಣಿಸಿದ್ದಳಂತೆ.

ಆ ಕಾಗದವನ್ನೂ ಚೂರನ್ನೂ ಒಂದೇ ಚೀಲದಲ್ಲಿ ಹಾಕಿ ಮೇಲೆ ತಾರೀಖು ಬರೆದರು. ಬರುವ ಶನಿವಾರ ಸೊತೇರ್‌ಗೆ ಹೊರಟಿದ್ದೇವೆ.